ಮಂಜೇಶ್ವರವನ್ನು ಬಲ್ಲಿರಾ? – ಒಂದು ಊರಿನ ಕಥೆ, ದಿನಕ್ಕೊಂದು ಪ್ರಶ್ನೆ, ಒಂದಿಷ್ಟು ಪದದಾಟ

ಕೇರಳದ ಅತಿ ಚಿಕ್ಕ ನದಿ ಯಾವುದು? ಪಿ.ಎಸ್.ಸಿ. ಪರೀಕ್ಷೆಗೆ ಓದುತ್ತಿರುವ ಯಾರನ್ನು ಕೇಳಿದರೂ ಉತ್ತರ ತಟ್ಟನೆ ಬರುತ್ತದೆ: ಮಂಜೇಶ್ವರ ಹೊಳೆ, ಉದ್ದ 16 ಕಿಲೋಮೀಟರ್. ತಿರುವನಂತಪುರದಲ್ಲಿ ಕುಳಿತು ಓದುವವರಿಗೂ ಇದು ಗೊತ್ತು. ಆದರೆ ಆ ಹೊಳೆ ಎಲ್ಲಿ ಹುಟ್ಟುತ್ತದೆ, ಅದರ ದಂಡೆಯಲ್ಲಿ ಯಾರೆಲ್ಲ ಬಾಳಿದರು, ಅಲ್ಲಿ ಕುಳಿತು ಯೇಸುಸ್ವಾಮಿಯ ಕೊನೆಯ ದಿನದ ಬಗ್ಗೆ ಕನ್ನಡದಲ್ಲಿ ಕಾವ್ಯ ಬರೆದವರು ಯಾರು ಎಂದು ಕೇಳಿದರೆ ಹೊಳೆಯ ಪಕ್ಕದ ಮನೆಯ ಮಕ್ಕಳೂ ತಡವರಿಸಬಹುದು.

ಇದು ಮಕ್ಕಳ ತಪ್ಪಲ್ಲ. ಊರಿನ ಕಥೆಯನ್ನು ಹೇಳಬೇಕಾದವರು ನಾವು. ಶಾಲೆಯ ಪುಸ್ತಕ ರಾಜ್ಯದ ಕಥೆ ಹೇಳುತ್ತದೆ, ಟಿ.ವಿ. ಮತ್ತು ಮೊಬೈಲು ಲೋಕದ ಕಥೆ ಹೇಳುತ್ತವೆ. ಸ್ವಂತ ಊರಿನ ಕಥೆಗೆ ಮನೆಯ ಜಗಲಿ ಬಿಟ್ಟರೆ ಬೇರೆ ಶಾಲೆಯಿಲ್ಲ. ಗಡಿಯಾಚೆ ನೆಲಸಿದ ಕನ್ನಡ ಕುಟುಂಬಗಳಿಗಂತೂ ಈ ಮಾತು ಎರಡು ಪಟ್ಟು ನಿಜ. ಅದಕ್ಕಾಗಿ ಈ ಸಲ ಮಂಜೇಶ್ವರದ ಕಥೆಯನ್ನೂ, ಮನೆಮಂದಿ ಒಟ್ಟಿಗೆ ಕುಳಿತು ಆಡಬಹುದಾದ ಕೆಲವು ಪ್ರಶ್ನೆ ಹಾಗೂ ಪದದಾಟಗಳನ್ನೂ ಕೊಡಲಾಗಿದೆ.

ಹೊಳೆ ಮತ್ತು ಕಡಲು

ಮಂಜೇಶ್ವರ ಮಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರದ ಕರಾವಳಿಯ ಊರು. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಅಡಿಕೆ ತೆಂಗುಗಳ ತೋಟ, ಮುರಕಲ್ಲಿನ ಗುಡ್ಡ. ಕೇರಳದ ಭೂಪಟದಲ್ಲಿ ಇದು ಉತ್ತರದ ತುತ್ತತುದಿ. ರಾಜ್ಯದ 140 ವಿಧಾನಸಭಾ ಕ್ಷೇತ್ರಗಳ ಲೆಕ್ಕ ಶುರುವಾಗುವುದು ಇಲ್ಲಿಂದಲೇ. ಒಂದನೆಯ ಕ್ಷೇತ್ರ ಮಂಜೇಶ್ವರ. 2016ರ ಚುನಾವಣೆಯಲ್ಲಿ ಇಲ್ಲಿ ಗೆಲುವು ಸೋಲುಗಳ ಅಂತರ ಬರೇ 89 ಮತ. ‘ನನ್ನ ಒಂದು ಓಟಿನಿಂದ ಏನಾಗುತ್ತದೆ’ ಎನ್ನುವವರು ಈ ಸಂಖ್ಯೆಯನ್ನು ನೆನಪಿಡುವುದು ಒಳ್ಳೆಯದು.

ಇಲ್ಲಿನ ಪುಟ್ಟ ಹೊಳೆ ಹುಟ್ಟುವುದು ಕರ್ನಾಟಕದ ಬಾಳೆಪುಣಿಯ ಗುಡ್ಡಗಳಲ್ಲಿ. ಸೇರುವುದು ಕೇರಳದ ಕಡಲನ್ನು. ಹದಿನಾರೇ ಕಿಲೋಮೀಟರಿನಲ್ಲಿ ಎರಡು ರಾಜ್ಯಗಳನ್ನು ಮುಟ್ಟಿ ಬರುವ ಈ ಹೊಳೆಗೆ ತಲಪಾಡಿಯ ಚೆಕ್‌ಪೋಸ್ಟ್ ಇಲ್ಲ.

ಈ ಕರಾವಳಿ ಬಹಳ ಹಿಂದಿನಿಂದಲೂ ವ್ಯಾಪಾರದ ದಾರಿ. ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೊಸಾ 1514ರಲ್ಲಿ ಹತ್ತಿರದ ಕುಂಬಳೆಗೆ ಬಂದಾಗ, ಅಲ್ಲಿಂದ ಮಾಲ್ಡೀವ್ಸ್ ದ್ವೀಪಗಳಿಗೆ ಅಕ್ಕಿ ಹೋಗುತ್ತಿದ್ದುದನ್ನೂ ಬದಲಿಗೆ ತೆಂಗಿನ ನಾರು ಬರುತ್ತಿದ್ದುದನ್ನೂ ಬರೆದಿಟ್ಟ. ಇಂದು ತೆಂಗಿಗೆ ಹೆಸರಾದ ನಮ್ಮ ಕರಾವಳಿ ಒಂದು ಕಾಲದಲ್ಲಿ ಅಕ್ಕಿ ಕೊಟ್ಟು ನಾರು ಕೊಳ್ಳುತ್ತಿತ್ತು ಎಂಬುದು ಸೋಜಿಗವಲ್ಲವೇ? ವಿಜಯನಗರದ ಕಾಲ ಕಳೆದು ಇಕ್ಕೇರಿಯ ನಾಯಕರು ಬಂದರು. ಕರಾವಳಿಯುದ್ದಕ್ಕೂ ಕೋಟೆಗಳನ್ನು ಕಟ್ಟಿದರು. ಆಮೇಲೆ ಹೈದರಾಲಿ, ಟಿಪ್ಪು. 1799ರಲ್ಲಿ ಟಿಪ್ಪುವಿನ ಮರಣದ ನಂತರ ಇದು ಇಂಗ್ಲಿಷರ ಕಂಪನಿಯ ಕೈ ಸೇರಿತು. ಕಂಪನಿಯ ಪರವಾಗಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಮಂಜೇಶ್ವರದ ವಿವರವನ್ನೂ ಸೇರಿಸಿದ. ಒಂದು ಶತಮಾನ ಕಳೆದು 1907ರಲ್ಲಿ ರೈಲು ಈ ದಾರಿಯಾಗಿ ಮಂಗಳೂರನ್ನು ತಲಪಿತು.

ನಮ್ಮ ಕೊಂಕಣಿ ಕಥೊಲಿಕರ ಹಿರಿಯರು ಗೋವೆಯಿಂದ ಈ ಕರಾವಳಿಗೆ ಇಳಿದು ಬಂದದ್ದು 16ನೆಯ ಶತಮಾನದಿಂದ ಆಚೆಗೆ, ತಂಡ ತಂಡವಾಗಿ. 1784ರಲ್ಲಿ ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದವರೂ 1799ರ ನಂತರ ಬದುಕಿ ಉಳಿದು ಮರಳಿದವರೂ ಇವರೇ. ಮತ್ತೆ ಗದ್ದೆ ಮಾಡಿದರು, ಮತ್ತೆ ಶಿಲುಬೆ ನೆಟ್ಟರು. ಕುಂಬಳೆಯ ಹತ್ತಿರದ ಬೇಳದ ವ್ಯಾಕುಲ ಮಾತೆಯ ಇಗರ್ಜಿ 1890ರದು.

ಮನೆ ಅಲ್ಲೇ, ರಾಜ್ಯ ಬೇರೆ

1956ರ ನವೆಂಬರ್ 1ರ ಬೆಳಿಗ್ಗೆ ಮಂಜೇಶ್ವರದ ಜನ ಎದ್ದಾಗ ಅವರ ಮನೆ ಅಲ್ಲೇ ಇತ್ತು, ಬಾವಿ ಅಲ್ಲೇ ಇತ್ತು, ರಾಜ್ಯ ಮಾತ್ರ ಬದಲಾಗಿತ್ತು. ಅದುವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಅಂದು ಕೇರಳಕ್ಕೆ ಸೇರಿತು. ಉಳಿದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಹೋಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದಿತು. ಅದು ಜಾರಿಗೆ ಬರಲಿಲ್ಲ. ಮೊದಲು ಕಣ್ಣೂರು ಜಿಲ್ಲೆಯಲ್ಲಿದ್ದ ಈ ಪ್ರದೇಶ 1984ರ ಮೇ 24ರಂದು ಪ್ರತ್ಯೇಕ ಕಾಸರಗೋಡು ಜಿಲ್ಲೆಯಾಯಿತು. 2014ರಲ್ಲಿ ಮಂಜೇಶ್ವರವೇ ಒಂದು ತಾಲೂಕಾಯಿತು.

ಗಡಿ ಎಂದರೆ ಬರೇ ನಕ್ಷೆಯ ಗೆರೆಯಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ತಲಪಾಡಿಯ ರಸ್ತೆ ಮುಚ್ಚಿದಾಗ, ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಇಲ್ಲಿನ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಶಾಲೆಯ ವಿಷಯದಲ್ಲೂ ಹಾಗೆಯೇ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡುವ ಕಾನೂನು ಬಂದಾಗ ಕನ್ನಡ ಮನೆಗಳಲ್ಲಿ ಆತಂಕ ಮೂಡಿತು. ಮಲಯಾಳ ಕಲಿತರೆ ನಷ್ಟವೇನೂ ಇಲ್ಲ. ನೆರೆಯವರ ಭಾಷೆ ಕಲಿತಷ್ಟೂ ಒಳ್ಳೆಯದು. ಕನ್ನಡ ಓದುವುದು ನಿಂತುಹೋದರೆ ಮಾತ್ರ ನಷ್ಟ. ಏಕೆಂದರೆ ಅಜ್ಜಂದಿರ ಭೂದಾಖಲೆ, ಹಳೆಯ ಪ್ರಾರ್ಥನಾ ಪುಸ್ತಕ, ಊರಿನ ಕವಿಯ ಕಾವ್ಯ, ಎಲ್ಲವೂ ಇರುವುದು ಆ ಲಿಪಿಯಲ್ಲಿ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ರಾಜ್ಯ ಎರಡಾದರೂ ಧರ್ಮಸಭೆ ಎರಡಾಗಲಿಲ್ಲ. ಮಂಜೇಶ್ವರ ಭಾಗದ ಧರ್ಮಕೇಂದ್ರಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಇವೆ. ಸರಕಾರಿ ಕಾಗದಕ್ಕೆ ಕಾಸರಗೋಡಿಗೆ ಹೋಗುವ ಕುಟುಂಬ, ಮಗನ ಗುರುದೀಕ್ಷೆಯ ವಿಷಯಕ್ಕೆ ಮಂಗಳೂರಿನ ಕಡೆ ನೋಡುತ್ತದೆ.

ಗೊಲ್ಗೊಥಾ ಬರೆದ ಕವಿ

ಗಡಿ ಹೀಗೆ ಒಂದೇ ಮನೆಯ ಮೇಲೆ ಹಾದುಹೋದುದಕ್ಕೆ ರಾಷ್ಟ್ರಕವಿ ಎಂ. ಗೋವಿಂದ ಪೈಗಳ ಬದುಕೇ ಸಾಕ್ಷಿ. ಅವರು ಹುಟ್ಟಿದ್ದು 1883ರ ಮಾರ್ಚ್ 23ರಂದು, ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಮಂಜೇಶ್ವರದಲ್ಲಿ, ತಾಯಿಯ ತವರುಮನೆಯಲ್ಲಿ. 1963ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡಾಗ ಆ ಮನೆ ಕೇರಳದಲ್ಲಿತ್ತು.

ಪೈಗಳ ಮನೆಮಾತು ಕೊಂಕಣಿ, ನಮ್ಮಲ್ಲಿ ಬಹುಮಂದಿಯ ಮನೆಮಾತಿನ ಹಾಗೆ. ಮಂಗಳೂರಿನ ಶಾಲೆಯಲ್ಲಿ ಅವರಿಗೆ ಗುರುಗಳಾಗಿದ್ದವರು ಪಂಜೆ ಮಂಗೇಶರಾಯರು. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ಮನೆಯ ಕರೆ ಬಂದು ಪದವಿ ಪೂರ್ತಿಯಾಗದೆ ಊರಿಗೆ ಮರಳಿದರು. ಆದರೆ ಓದು ನಿಲ್ಲಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪರಿಚಯ ಅವರಿಗಿತ್ತೆಂದು ಅವರನ್ನು ಬಲ್ಲವರು ಬರೆದಿದ್ದಾರೆ. ಕನ್ನಡ ಕವಿತೆಯಲ್ಲಿ ಶತಮಾನಗಳಿಂದ ಬಂದಿದ್ದ ಪ್ರಾಸದ ಕಟ್ಟನ್ನು 1911ರಲ್ಲೇ ಬಿಟ್ಟು ಬರೆದ ಧೈರ್ಯ ಅವರದು. ಅವರ ಮೊದಲ ಕವನ ಸಂಕಲನ ‘ಗಿಳಿವಿಂಡು’ 1930ರಲ್ಲಿ ಬಂತು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ಕೊಟ್ಟಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು.

ನಮಗೆ ಅವರು ಇನ್ನೂ ಹತ್ತಿರದವರಾಗುವುದು ‘ಗೊಲ್ಗೊಥಾ’ ಎಂಬ ಕಾವ್ಯದಿಂದ. ಅದು ಯೇಸುಸ್ವಾಮಿಯ ಕೊನೆಯ ದಿನದ ಕಥನ. ಬುದ್ಧನ ಕೊನೆಯ ದಿನಗಳ ಬಗ್ಗೆ ‘ವೈಶಾಖಿ’ ಬರೆದವರೂ ಇವರೇ. ಕ್ರೈಸ್ತರಲ್ಲದ ಒಬ್ಬ ಹಿರಿಯರು ಶುಕ್ರವಾರದ ಆ ನೋವನ್ನು ಧ್ಯಾನಿಸಿ ನಮ್ಮದೇ ಊರಿನಲ್ಲಿ ಕುಳಿತು ಕಾವ್ಯ ಬರೆದಿದ್ದಾರೆ. ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿ ಮಾಡುವ ನಾವು ಅದನ್ನು ಒಮ್ಮೆಯಾದರೂ ತೆರೆದು ನೋಡಬೇಡವೇ?

ಪೈಗಳ ಇನ್ನೊಂದು ಆಸಕ್ತಿ ಒಗಟು ಬಿಡಿಸುವಂಥದ್ದೇ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಮಣ್ಣಿನಡಿ ಸಿಕ್ಕಿದ ಪಪೈರಸ್ ಹಾಳೆಯೊಂದರಲ್ಲಿ ಹಳೆಯ ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ನಡೆಯುವ ಆ ನಾಟಕದಲ್ಲಿ ಇಲ್ಲಿನ ರಾಜ, ಆಳುಗಳು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ಹೇಳಿದರು. ಪೈಗಳೂ ಅದನ್ನು ಕೂಲಂಕಷವಾಗಿ ನೋಡಿ ಬರೆದರು. ಅದು ತುಳುವೆಂದು ವಾದಿಸಿದವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ.

ಅವರ ಪುಸ್ತಕಭಂಡಾರ ಇಂದು ಉಡುಪಿಯಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರದಲ್ಲಿದೆ. ಮಂಜೇಶ್ವರದ ಮನೆ ‘ಗಿಳಿವಿಂಡು’ ಎಂಬ ಸ್ಮಾರಕವಾಗಿದೆ. ಇಲ್ಲಿ 1980ರಲ್ಲಿ ಶುರುವಾದ ಸರಕಾರಿ ಕಾಲೇಜಿಗೂ ಅವರದೇ ಹೆಸರು. ಕೇರಳ ಸರಕಾರದ ಕಾಲೇಜಿಗೆ ಕನ್ನಡ ಕವಿಯ ಹೆಸರು ಇರುವುದು ಸಂತೋಷದ ಸಂಗತಿ.

ನೆರೆಹೊರೆಯ ಊರು

ಮಂಜೇಶ್ವರದಲ್ಲಿ ಗೌಡ ಸಾರಸ್ವತರ ಅನಂತೇಶ್ವರ ದೇವಸ್ಥಾನವಿದೆ. ಮಾರ್ಗಶಿರದ ಷಷ್ಠಿಗೆ ಅಲ್ಲಿ ತೇರು. ಹೊಳೆಯ ದಕ್ಷಿಣ ದಂಡೆಯ ಬಂಗ್ರ ಮಂಜೇಶ್ವರದಲ್ಲಿ ಹಳೆಯ ಜೈನ ಬಸದಿಗಳಿವೆ. ಕಾರುಣ್ಯ ಮಾತೆಯ ನಮ್ಮ ಇಗರ್ಜಿಯಿದೆ. ಉದ್ಯಾವರದಲ್ಲಿ ಸಾವಿರ ಜಮಾಅತ್ ಮಸೀದಿಯಿದೆ. ಅಲ್ಲಿಯೇ ಉದ್ಯಾವರ ಮಾಡದ ಅರಸು ಮಂಜಿಷ್ಣಾರ್ ದೈವಗಳ ಕ್ಷೇತ್ರವಿದೆ. ಪ್ರತಿ ವರ್ಷ ಜಾತ್ರೆಗೆ ಮುಂಚೆ, ಬಿಸು ಕಳೆದ ಮೇಲೆ ಒಂದು ಶುಕ್ರವಾರ, ಕ್ಷೇತ್ರದವರು ದೈವದ ಪಾತ್ರಿಗಳ ಸಮೇತ ಮಸೀದಿಗೆ ಬಂದು ಜಾತ್ರೆಗೆ ಕರೆಯುತ್ತಾರೆ. ಮಸೀದಿಯವರು ಅವರನ್ನು ಬರಮಾಡಿಕೊಂಡು ತಾವೂ ಜಾತ್ರೆಗೆ ಹೋಗುತ್ತಾರೆ. ಕಲಹದ ಸುದ್ದಿ ಪತ್ರಿಕೆಯಲ್ಲಿ ದೊಡ್ಡದಾಗಿ ಬರುತ್ತದೆ. ಇಂಥ ಸುದ್ದಿಯನ್ನು ದೊಡ್ಡದು ಮಾಡಬೇಕಾದವರು ಮನೆಯ ಹಿರಿಯರು.

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಇಲ್ಲಿನ ಮಾತುಗಳು. ಮನೆಯಲ್ಲಿ ಕೊಂಕಣಿಯ ಜಪಸರ, ಬಂಗುಡೆ ಕೊಳ್ಳುವಾಗ ತುಳು, ಪಂಚಾಯತಿನಲ್ಲಿ ಮಲಯಾಳ, ಓದಿಗೆ ಕನ್ನಡ. ಒಂದೇ ದಿನದಲ್ಲಿ ನಾಲ್ಕು ಭಾಷೆ ಆಡುವ ಮಕ್ಕಳಿಗೆ ಪದದಾಟ ಬರದಿದ್ದರೆ ಇನ್ಯಾರಿಗೆ ಬಂದೀತು?

ಪದದಾಟ ಏಕೆ?

ಒಗಟು ಬರೇ ಹೊತ್ತು ಕಳೆಯುವ ಆಟವೆಂದು ತಿಳಿಯಬೇಡಿ. ನಮ್ಮ ಪವಿತ್ರ ಗ್ರಂಥದಲ್ಲೇ ಅದಕ್ಕೆ ಜಾಗವಿದೆ. ಸಂಸೋನನು ಮದುವೆಯ ಔತಣದಲ್ಲಿ ಸಿಂಹ ಮತ್ತು ಜೇನಿನ ಒಗಟು ಹಾಕಿದ. 119ನೆಯ ಕೀರ್ತನೆ ಹಿಬ್ರೂ ಅಕ್ಷರಮಾಲೆಯ ಮೇಲೆ ಕಟ್ಟಿದ್ದು: 22 ಅಕ್ಷರ, ಒಂದೊಂದಕ್ಕೂ 8 ವಚನ, ಒಟ್ಟು 176. ಆದಿ ಕ್ರೈಸ್ತರು ಮೀನನ್ನು ಗುರುತಾಗಿ ಇಟ್ಟುಕೊಂಡದ್ದೂ ಒಂದು ಪದದಾಟವೇ. ಮೀನಿಗೆ ಗ್ರೀಕಿನಲ್ಲಿ ‘ಇಕ್ತುಸ್’ ಎನ್ನುತ್ತಾರೆ. ಆ ಪದದ ಐದು ಅಕ್ಷರಗಳು ಯೇಸು, ಕ್ರಿಸ್ತ, ದೇವರ, ಪುತ್ರ, ರಕ್ಷಕ ಎಂಬ ಐದು ಗ್ರೀಕ್ ಪದಗಳ ಮೊದಲ ಅಕ್ಷರಗಳು. ಹಿಂಸೆಯ ಕಾಲದಲ್ಲಿ ವಿಶ್ವಾಸವನ್ನು ಉಳಿಸಲು ಒಂದು ಪದದಾಟ ನೆರವಾಯಿತು. ಕನ್ನಡದ ಒಗಟು, ತುಳುವಿನ ಎದುರುಕತೆ, ಮಲಯಾಳದ ಕಡಂಕಥ ಕೂಡ ಹಾಗೆಯೇ. ಓದು ಬಾರದ ಕಾಲದಲ್ಲಿ ಭಾಷೆಯನ್ನು ಮಕ್ಕಳಿಗೆ ದಾಟಿಸಿದ ದೋಣಿಗಳವು.

ದಿನಕ್ಕೊಂದು ಪ್ರಶ್ನೆ

ರಾತ್ರಿಯ ಪ್ರಾರ್ಥನೆ ಮುಗಿಸಿ ಊಟಕ್ಕೆ ಕುಳಿತಾಗ ದಿನಕ್ಕೆ ಒಂದನ್ನೇ ಕೇಳಿ. ಕೆಲವು ಉತ್ತರಗಳು ಮೇಲೆಯೇ ಇವೆ. ಕೆಲವನ್ನು ಹಿರಿಯರಲ್ಲಿ ಕೇಳಬೇಕು.

ಸೋಮವಾರ: ಮಂಜೇಶ್ವರ ಹೊಳೆ ಹುಟ್ಟುವುದು ಯಾವ ರಾಜ್ಯದಲ್ಲಿ?

ಮಂಗಳವಾರ: 1514ರಲ್ಲಿ ಕುಂಬಳೆಯಿಂದ ಅಕ್ಕಿ ಹೋಗುತ್ತಿದ್ದುದು ಎಲ್ಲಿಗೆ? ಬದಲಿಗೆ ಬರುತ್ತಿದ್ದುದು ಏನು?

ಬುಧವಾರ: ಕಾಸರಗೋಡು ಜಿಲ್ಲೆ ಹುಟ್ಟಿದ ವರ್ಷ ಯಾವುದು? ಆಗ ನಿಮ್ಮ ಮನೆಯಲ್ಲಿ ಯಾರಿಗೆ ಎಷ್ಟು ವಯಸ್ಸು?

ಗುರುವಾರ: ಕಾಸರಗೋಡಿನ ಈ ಕವಿ 1915ರಲ್ಲಿ ಹುಟ್ಟಿ, ನೂರು ತುಂಬಿದ ಮೇಲೆ 2015ರಲ್ಲಿ ತೀರಿಕೊಂಡರು. ಯಾರವರು?

ಶುಕ್ರವಾರ: ಯೇಸುಸ್ವಾಮಿಯ ಕೊನೆಯ ದಿನವನ್ನು ಕುರಿತ ಗೋವಿಂದ ಪೈಗಳ ಕಾವ್ಯ ಯಾವುದು?

ಶನಿವಾರ: ಯಕ್ಷಗಾನದ ಪಿತಾಮಹ ಎನಿಸಿದ, ಕುಂಬಳೆ ಸೀಮೆಯ ಕವಿ ಯಾರು?

ಭಾನುವಾರ: ಮಂಗಳೂರು ಧರ್ಮಪ್ರಾಂತ್ಯವನ್ನು ವಿಭಜಿಸಿ 2012ರಲ್ಲಿ ರಚಿಸಿದ ಹೊಸ ಧರ್ಮಪ್ರಾಂತ್ಯ ಯಾವುದು?

ಊರಿನೊಳಗಿನ ಪದ

ಪ್ರತಿಯೊಂದರ ಉತ್ತರವೂ ಕಾಸರಗೋಡು ಸೀಮೆಯ ಒಂದು ಊರು. ಒತ್ತಕ್ಷರವನ್ನು ಒಂದೇ ಅಕ್ಷರವೆಂದು ಎಣಿಸಿ.

1. ನಾಲ್ಕಕ್ಷರದ ಊರು. ಕೊನೆಯ ಎರಡು ಅಕ್ಷರಗಳಲ್ಲಿ ಮದುಮಗ ಕುಳಿತಿದ್ದಾನೆ.

2. ಮೂರಕ್ಷರದ ಊರು. ಕೊನೆಯ ಎರಡನ್ನು ಕೈಗೆ ತೊಡಬಹುದು.

3. ಐದಕ್ಷರದ ಊರು. ಎರಡು, ಮೂರನೆಯವು ಕೊರಳಿಗೆ. ಮೊದಲನೆಯದೂ ಕೊನೆಯದೂ ಸೇರಿದರೆ ಮರಗಳ ರಾಶಿ.

4. ನಾಲ್ಕಕ್ಷರದ ಊರು. ಮೊದಲ ಅಕ್ಷರ ಹಳೆಯ ಚಿಲ್ಲರೆ ನಾಣ್ಯ. ರಾಷ್ಟ್ರಕವಿಯ ಹೆಸರಿನ ಕೊನೆಯಲ್ಲೂ ಅದೇ.

5. ಎರಡಕ್ಷರದ ಊರು. ಸಾರಿಗೆ ಹಾಕುವ ಧಾನ್ಯದ ಕೊನೆಯ ಏತ್ವವನ್ನು ತೆಗೆಯಿರಿ, ವ್ಯಾಕುಲ ಮಾತೆಯ ಇಗರ್ಜಿ ಕಾಣಿಸುತ್ತದೆ.

6. ನಾಲ್ಕಕ್ಷರದ ಊರು. ಹೊಸದಾಗಿ ತೆರೆದ ವ್ಯಾಪಾರದ ಜಾಗ ಎಂದು ಹೆಸರು. ಆದರೆ ಕೊನೆಯ ಎರಡು ಅಕ್ಷರ ಓದಿದರೆ ಎರಡು ರಾಜ್ಯಗಳ ನಡುವೆ ನಿಂತಿರುತ್ತೀರಿ.

ಮೊದಲಕ್ಷರಗಳ ಮಾಲೆ

ನಾಲ್ಕು ಉತ್ತರಗಳ ಮೊದಲ ಅಕ್ಷರಗಳನ್ನು ಕ್ರಮವಾಗಿ ಜೋಡಿಸಿ. ಪ್ರತಿ ಸಂಜೆ ಮನೆಯವರೆಲ್ಲ ಕೈಯಲ್ಲಿ ಹಿಡಿಯುವ ವಸ್ತುವಿನ ಹೆಸರು ಬರುತ್ತದೆ.

ಅ. ನೀರಿಗೆ ಇನ್ನೊಂದು ಹೆಸರು (2 ಅಕ್ಷರ)
ಆ. ಕವಿ ಜೋಡಿಸುವುದು ಇದನ್ನು (2 ಅಕ್ಷರ)
ಇ. ಹೊಳೆಗಳ ಕೊನೆಯ ಮನೆ (3 ಅಕ್ಷರ)
ಈ. ಷಷ್ಠಿಯಂದು ಅನಂತೇಶ್ವರ ದೇವಸ್ಥಾನದಲ್ಲಿ ಎಳೆಯುವುದು (2 ಅಕ್ಷರ)

ನಿಮ್ಮ ಊರಿಗೆ ನೀವೇ ಪ್ರಶ್ನೆ ಬರೆಯಿರಿ

ಈ ಪತ್ರಿಕೆಯನ್ನು ಓದುವವರು ಮಂಜೇಶ್ವರದಲ್ಲಿ ಮಾತ್ರ ಇಲ್ಲ. ಹೊಸೂರು, ತಾಳವಾಡಿ, ಸೊಲ್ಲಾಪುರ, ಆದೋನಿ, ಗೋವೆ, ಎಲ್ಲೆಡೆಯೂ ಕನ್ನಡ ಓದುವ ಕುಟುಂಬಗಳಿವೆ. ಪ್ರತಿ ಊರಿಗೂ ಒಂದು ಹೊಳೆ ಅಥವಾ ಕೆರೆ, ಒಂದು ಹಳೆಯ ಇಗರ್ಜಿ, ಬದಲಾದ ಒಂದು ಗಡಿ, ಮರೆತುಹೋದ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಮಕ್ಕಳ ಕೈಗೆ ಕಾಗದ ಪೆನ್ಸಿಲು ಕೊಟ್ಟು ಅಜ್ಜ ಅಜ್ಜಿಯರ ಹತ್ತಿರ ಕಳಿಸಿ. ಏಳು ಪ್ರಶ್ನೆ ಬರೆದು ತರಲಿ, ಕನ್ನಡದಲ್ಲೇ ಬರೆಯಲಿ. ಅಕ್ಷರ ತಪ್ಪಾದರೆ ಗದರಬೇಡಿ, ಪಕ್ಕದಲ್ಲಿ ಸರಿಯಾಗಿ ಬರೆದು ತೋರಿಸಿ. ವಾಳೆಯ ಕೂಟದಲ್ಲಿ, ಧರ್ಮೋಪದೇಶದ ತರಗತಿಯಲ್ಲಿ ಅವನ್ನು ಕೇಳಬಹುದು. ಹೀಗೆ ಒಂದು ವರ್ಷ ನಡೆದರೆ ಧರ್ಮಕೇಂದ್ರಕ್ಕೆ ಒಂದು ಪುಟ್ಟ ಚರಿತ್ರೆಯೇ ಸಿದ್ಧವಾಗುತ್ತದೆ. ಹೇಳುವ ಹಿರಿಯರು ಇರುವಾಗಲೇ ಇದನ್ನು ಮಾಡಬೇಕು. ಅವರು ಹೋದ ಮೇಲೆ ಪ್ರಶ್ನೆ ಉಳಿದರೂ ಉತ್ತರ ಉಳಿಯುವುದಿಲ್ಲ.

ನಜರೇತಿನಂಥ ಸಣ್ಣ ಊರಿನಿಂದ ಏನು ಒಳ್ಳೆಯದು ಬಂದೀತು ಎಂದು ನತಾನಿಯೇಲನು ಸಂಶಯಪಟ್ಟನೆಂದು ಸಂತ ಯೊವಾನ್ನರು ಬರೆದಿದ್ದಾರೆ. ಫಿಲಿಪ್ಪನು ಅವನೊಡನೆ ವಾದಕ್ಕೆ ಇಳಿಯಲಿಲ್ಲ, ಬಂದು ನೋಡಲು ಕರೆದ. ಸಣ್ಣ ಊರುಗಳ ಬಗ್ಗೆ ನಮ್ಮ ಮಕ್ಕಳಿಗೂ ಅದೇ ಸಂಶಯ ಬರುವ ಕಾಲವಿದು. ದುಬಾಯಿ, ಬೆಂಗಳೂರಿಗೆ ಹೋಗುವ ಮೊದಲು ಒಂದು ಭಾನುವಾರ ಪೂಜೆ ಮುಗಿಸಿಕೊಂಡು ಅವರನ್ನು ಹೊಳೆಯ ದಂಡೆಗೆ, ಕವಿಯ ಮನೆಗೆ ಕರೆದುಕೊಂಡು ಹೋಗಿ. ದೇವರು ನಮ್ಮನ್ನು ನೆಟ್ಟ ಜಾಗವನ್ನು ತಿಳಿದುಕೊಳ್ಳುವುದೂ ಕೃತಜ್ಞತೆಯ ಒಂದು ರೀತಿ.

ಉತ್ತರಗಳು

ದಿನಕ್ಕೊಂದು ಪ್ರಶ್ನೆ: ಸೋಮವಾರ – ಕರ್ನಾಟಕ. ಮಂಗಳವಾರ – ಮಾಲ್ಡೀವ್ಸ್‌ಗೆ, ತೆಂಗಿನ ನಾರು. ಬುಧವಾರ – 1984. ಗುರುವಾರ – ಕಯ್ಯಾರ ಕಿಞ್ಞಣ್ಣ ರೈ. ಶುಕ್ರವಾರ – ಗೊಲ್ಗೊಥಾ. ಶನಿವಾರ – ಪಾರ್ತಿಸುಬ್ಬ. ಭಾನುವಾರ – ಉಡುಪಿ.

ಊರಿನೊಳಗಿನ ಪದ: 1. ಉದ್ಯಾವರ (ವರ). 2. ಕುಂಬಳೆ (ಬಳೆ). 3. ಕಾಸರಗೋಡು (ಸರ, ಕಾಡು). 4. ಪೈವಳಿಕೆ (ಪೈ). 5. ಬೇಳ (ಬೇಳೆ). 6. ಹೊಸಂಗಡಿ (ಗಡಿ).

ಮೊದಲಕ್ಷರಗಳ ಮಾಲೆ: ಜಲ, ಪದ, ಸಮುದ್ರ, ರಥ – ಜಪಸರ.